ಪದವಿಗೆ ಬೇಕಾದ ಮತ್ತೊಂದು ಭಾಷೆ

ಏನಾದರೂ ತಮಾಷೆ ಹೇಳು ಎಂದು ಗೆಳೆಯರು ಕೇಳಿದಾಗಲೆಲ್ಲ ನಾನು ನಮ್ಮ ವಿಭಾಗದ ಸುದ್ದಿ ತೆಗೆಯುತ್ತೇನೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ನಗು ಬರುವುದಿಲ್ಲ, ಯಾಕೆಂದರೆ ಮರುದಿನ ಬೆಳಿಗ್ಗೆ ಹತ್ತಕ್ಕೆ ನಾನು ಅದೇ ವಿಭಾಗಕ್ಕೆ ಹೋಗಬೇಕು. ಅಲ್ಲಿ ಇಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ಮೊದಮೊದಲು ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದೆ. ಈಗ ಅವಳು ನನ್ನ ಮುಖ ನೋಡಿಯೇ ಮಜ್ಜಿಗೆ ತಂದುಕೊಡುತ್ತಾಳೆ, ಏನಾಯಿತೆಂದು ಕೇಳುವುದಿಲ್ಲ.

ಹೈದರಾಬಾದಿನ ಅಂಚಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾನು ತೌಲನಿಕ ಸಾಹಿತ್ಯದ ಮೇಷ್ಟ್ರು. ಬೇರೆ ಬೇರೆ ಭಾಷೆಗಳ ಸಾಹಿತ್ಯವನ್ನು ಅಕ್ಕಪಕ್ಕ ಇಟ್ಟು ಓದುವ ವಿದ್ಯೆ ಅದು. ವಿಭಾಗದಲ್ಲಿ ಎರಡೂವರೆ ಜನ ಇದ್ದೇವೆ. ಆ ಅರ್ಧದವರು ಉಳಿದ ಹೊತ್ತು ಎಂಬಿಎ ಹುಡುಗರಿಗೆ ಇಮೇಲ್ ಬರೆಯುವುದು ಹೇಗೆಂದು ಕಲಿಸುತ್ತಾರೆ. ಪದವಿಯ ನಿಯಮಗಳ ಪುಸ್ತಕ ಮಾತ್ರ ದಪ್ಪಗಿದೆ. ಇಷ್ಟು ಕ್ರೆಡಿಟ್ಟು, ಇಷ್ಟು ಪೇಪರು, ಕೊನೆಗೊಂದು ಪ್ರಬಂಧ. ಇವೆಲ್ಲ ಆದ ಮೇಲೆ, ಮಾತೃಭಾಷೆಯನ್ನೂ ಇಂಗ್ಲಿಷನ್ನೂ ಬಿಟ್ಟು ಮತ್ತೊಂದು ಭಾಷೆಯಲ್ಲಿ ಪ್ರಾವೀಣ್ಯ, ಪ್ರಮಾಣಪತ್ರದ ಸಮೇತ. ಈ ಕೊನೆಯ ಸಾಲನ್ನು ಬರೆದ ಪುಣ್ಯಾತ್ಮ ಎಲ್ಲಿದ್ದಾನೋ, ಚೆನ್ನಾಗಿರಲಿ. ನನ್ನ ಬಿಪಿ ಮಾತ್ರೆ ಶುರುವಾದದ್ದು ಅವನಿಂದ.

ಪಾಸೋ, ರಿಜೆಕ್ಟೋ?

ನಾಲ್ಕು ವರ್ಷದ ಹಿಂದೆ ಒಬ್ಬ ತಂದೆ ಮಗಳನ್ನು ಸೇರಿಸಲು ಬಂದರು. ರಾಯಚೂರು ಕಡೆಯವರು, ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮಷೀನಿನ ಮೇಲೆ ಕೆಲಸ. ನಾನು ಬಾಗಲಕೋಟೆಯವ ಎಂದು ತಿಳಿದದ್ದೇ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು.

"ಸರ್, ಈ ಕೋರ್ಸಿನ್ಯಾಗ ಏನ್ ಮಾಡ್ತೀರಿ?"

"ಎರಡು ಭಾಷಾದ ಹಾಡು, ಕತಿ ತಗೊಂಡು ಹೋಲಿಸಿ ನೋಡ್ತೀವ್ರಿ."

"ಅಂದ್ರ ಅಳೀತೀರಿ."

"ಒಂಥರಾ ಹಂಗ ಅನ್ರಿ."

"ಅಳದ ಮ್ಯಾಲೆ ಯಾವುದು ಪಾಸು, ಯಾವುದು ರಿಜೆಕ್ಟು?"

"ಹಂಗೇನಿಲ್ರಿ. ಎರಡೂ ಪಾಸ್."

ಅವರು ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಮಾಲು ವಾಪಸು ಬರುವ ಕೆಲಸದಲ್ಲಿ ಕೂದಲು ನರೆತವರು. "ನಮ್ಮ ವರ್ಕ್‌ಶಾಪಿನ್ಯಾಗ ಹಿಂಗ ಕೆಲಸ ಮಾಡಿದ್ರ ಮಧ್ಯಾಹ್ನ ಊಟದೊಳಗ ಮನಿಗೆ ಕಳಸ್ತಾರ್ರಿ," ಅಂದರು. ಆದರೂ ಮಗಳನ್ನು ಸೇರಿಸಿದರು. ನನ್ನ ಕೆಲಸದ ಬಗ್ಗೆ ಅಷ್ಟು ಖಚಿತವಾದ ವಿಮರ್ಶೆಯನ್ನು ಅದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲ.

ಬೆಣ್ಣೆಯಲ್ಲಿ ಹುರಿದ ತಮ್ಮ

ಆ ಮತ್ತೊಂದು ಭಾಷೆ ಬೇಕಲ್ಲ, ಮೂರನೇ ವರ್ಷ ಎಲ್ಲರಿಗೂ ಫ್ರೆಂಚ್ ಕಲಿಸುವುದೆಂದಾಯಿತು. ಫ್ರೆಂಚ್ ಮೇಡಂ ಬಂದರು. ಮೂರು ವಾರ ಚೆನ್ನಾಗಿ ಪಾಠ ಮಾಡಿದರು. ನಾಲ್ಕನೇ ವಾರ ಗಚ್ಚಿಬೌಲಿಯ ಒಂದು ಕಂಪನಿ ಅವರನ್ನು ಕರೆದುಕೊಂಡಿತು. ಅಷ್ಟರಲ್ಲಿ ಹುಡುಗರು ತಮ್ಮ ಹೆಸರು, ವಯಸ್ಸು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಹೇಳಲು ಕಲಿತಿದ್ದರು.

ತರಗತಿ ನಿಲ್ಲಿಸುವಂತಿಲ್ಲ. ಹೋಟೆಲ್ ಮ್ಯಾನೇಜ್‌ಮೆಂಟಿನ ಮೇಷ್ಟ್ರಿಗೆ ಫ್ರೆಂಚ್ ಬರುತ್ತದೆಂದು ಯಾರೋ ಹೇಳಿದರು, ಅವರಿಗೆ ವಹಿಸಿದರು. ಪಾಪ, ಪ್ರಾಮಾಣಿಕ ಮನುಷ್ಯ. "ನನಗೆ ಬರೋದು ಅಡುಗೆಮನೆಯೊಳಗಿನ ಫ್ರೆಂಚ್ ಅಷ್ಟೇ ಸರ್," ಎಂದು ಎಲ್ಲರಿಗೂ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪರೀಕ್ಷೆಯಲ್ಲಿ 'ನಿಮ್ಮ ಕುಟುಂಬದ ಬಗ್ಗೆ ಬರೆಯಿರಿ' ಎಂದು ಬಂತು. ನಮ್ಮ ಬಾಲಾನಗರದ ಹುಡುಗಿ ಕಲಿತದ್ದನ್ನೆಲ್ಲ ಉಪಯೋಗಿಸಿ ಬರೆದಳು: 'ನನಗೊಬ್ಬ ತಮ್ಮನಿದ್ದಾನೆ. ಅವನಿಗೆ ಹದಿನಾಲ್ಕು ವರ್ಷ. ಅವನನ್ನು ಸಣ್ಣ ಉರಿಯಲ್ಲಿ ಬೆಣ್ಣೆ ಹಾಕಿ ಕೆಂಪಗಾಗುವವರೆಗೆ ಹುರಿಯಬೇಕು.' ವಾಕ್ಯಗಳಲ್ಲಿ ಒಂದೂ ತಪ್ಪಿರಲಿಲ್ಲ. ಪೂರ್ತಿ ಅಂಕ ಬಂತು.

ಆದರೆ ಪರೀಕ್ಷಾ ವಿಭಾಗದವರು, ಹೋಟೆಲ್ ಮ್ಯಾನೇಜ್‌ಮೆಂಟಿನವರು ಕಲಿಸಿದ್ದು ಭಾಷೆಯೆಂದು ಲೆಕ್ಕಕ್ಕೆ ಬರುವುದಿಲ್ಲ ಎಂದು ಷರಾ ಬರೆದರು. ಉಳಿದ ಹುಡುಗರು ಬೇಸತ್ತು ವರ್ಷ ಮುಗಿಯುವುದರೊಳಗೆ ಬೇರೆ ವಿಭಾಗ ಸೇರಿಕೊಂಡರು. ಉಳಿದವಳು ಇವಳೊಬ್ಬಳೇ. ಇವಳ ಅಂಕಪಟ್ಟಿಯಲ್ಲಿ ಆ ಪೇಪರು ಇಂದಿಗೂ 'ಆಹಾರ ತಯಾರಿಕೆ, ಪ್ರಥಮ ದರ್ಜೆ' ಎಂದೇ ಇದೆ.

ಇಪ್ಪತ್ತೊಂದು ವರ್ಷದಿಂದ ಕಲಿಯುತ್ತಿದ್ದಾಳೆ

ಕೊನೆಯ ಸೆಮಿಸ್ಟರಿನಲ್ಲಿ ಹುಡುಗಿಗೆ ಮಣಿಕೊಂಡದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಜೂನಿನಲ್ಲಿ ಶಾಲೆ ಬಾಗಿಲು ತೆರೆಯುವ ದಿನ ಪದವಿಯ ಪ್ರಮಾಣಪತ್ರ ತರಬೇಕು, ಇಲ್ಲವಾದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇವೆ ಎಂದಿದ್ದರು. ಅವರ ಮನೆಯಲ್ಲಿ ಏಳನೇ ಕ್ಲಾಸು ದಾಟಿದವರಲ್ಲಿ ಇವಳೇ ಮೊದಲಿಗಳು. ಅಪ್ಪ ಆಗಲೇ ಓಣಿಗೆಲ್ಲ ಸಿಹಿ ಹಂಚಿಬಿಟ್ಟಿದ್ದರು. ಅದನ್ನು ಕೇಳಿದಾಗಿನಿಂದ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟ್ ಸಾಹೇಬರು ಹಳೇ ಶಹರದವರು, ಒಳ್ಳೆಯವರು. ಕಂಪ್ಯೂಟರ್ ನೋಡಿ, "ಒಂದು ಭಾಷೆ ಕಡಿಮೆ ಇದೆ," ಎಂದರು.

ನನಗೆ ಸಿಟ್ಟು ಬಂತು. "ಇವಳು ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಪಕ್ಕದ ಮನೆಯಲ್ಲಿ ಉರ್ದು, ಮಾರ್ಕೆಟ್ಟಿನಲ್ಲಿ ಹಿಂದಿ, ಇಲ್ಲಿ ಇಂಗ್ಲಿಷ್ ಮಾತಾಡುತ್ತಾಳೆ. ಇನ್ನೂ ಎಷ್ಟು ಬೇಕು?"

"ಬಾತಾಂ ತೋ ಸಬ್ ಕರ್‌ತೇ ಸರ್, ಕಾಗಜ್ ಕಿಧರ್ ಹೈ?" ಮಾತು ಎಲ್ಲರೂ ಆಡುತ್ತಾರೆ, ಕಾಗದ ಎಲ್ಲಿ? ಇಬ್ಬರೂ ಕೂತು ಪರೀಕ್ಷೆಗಳ ಪಟ್ಟಿ ತೆಗೆದೆವು.

ಹಿಂದಿ, ಉರ್ದು ಪರೀಕ್ಷೆಗಳು ಡಿಸೆಂಬರಿನಲ್ಲಿ. ತೆಲುಗು ಆಗದು, ಯಾಕೆಂದರೆ ಅರ್ಜಿಯಲ್ಲಿ ಮಾತೃಭಾಷೆ ತೆಲುಗು ಎಂದಿದೆ. ಸೇರುವಾಗ ಕೌಂಟರಿನವನು, "ತೆಲಂಗಾಣದಲ್ಲಿದ್ದು ಕನ್ನಡ ಯಾಕೆ, ತೆಲುಗು ಹಾಕಿ," ಎಂದಿದ್ದನಂತೆ. ಇವಳ ಅಪ್ಪ ಹಾಕಿಸಿದ್ದರು. ಆ ಸುಳ್ಳೇ ಈಗ ದೇವರಂತೆ ಕಾಪಾಡಿತು. ಕಾಗದದ ಪ್ರಕಾರ ಕನ್ನಡ ಇವಳಿಗೆ ಪರಭಾಷೆ, ಅದರಲ್ಲಿ ಪರೀಕ್ಷೆ ಕೊಡಬಹುದು.

ಹುಡುಗಿ ಅಲ್ಲೇ ಕೂತು ಅರ್ಜಿ ತುಂಬಿದಳು. 'ಈ ಭಾಷೆಯನ್ನು ಎಷ್ಟು ಕಾಲದಿಂದ ಕಲಿಯುತ್ತಿದ್ದೀರಿ?' ಎಂಬಲ್ಲಿ ಸುಳ್ಳು ಬರೆಯಲು ಮನಸ್ಸಾಗದೆ 'ಇಪ್ಪತ್ತೊಂದು ವರ್ಷ' ಎಂದು ಬರೆದಳು.

ಸೂಪರಿಂಟೆಂಡೆಂಟರು ಕನ್ನಡಕ ಇಳಿಸಿ ಅವಳನ್ನು ಕನಿಕರದಿಂದ ನೋಡಿದರು. "ಇಪ್ಪತ್ತೊಂದು ವರ್ಷ! ಇನ್ನೂ ಬಂದಿಲ್ವಾ ಬೇಟಾ?"

ಹಳದಿ ಹಾಳೆ

ಹುಡುಗಿಯ ಪ್ರಬಂಧ ಬೀಸುವ ಹಾಡುಗಳ ಮೇಲೆ. ಅಜ್ಜಿಯಿಂದ ಕೇಳಿದ ಕನ್ನಡದ ಹಾಡುಗಳನ್ನೂ, ಎದುರುಮನೆಯ ಮುದುಕಿ ಹೇಳಿದ ತೆಲುಗು ಹಾಡುಗಳನ್ನೂ ಅಕ್ಕಪಕ್ಕ ಇಟ್ಟು ಬರೆದಿದ್ದಳು. ನಿಜವಾಗಿ ಚೆನ್ನಾಗಿತ್ತು. ಇಷ್ಟು ವರ್ಷದಲ್ಲಿ ನಾನು ಓದಿ ಖುಷಿಪಟ್ಟ ಪ್ರಬಂಧ ಅದೊಂದೇ.

ಡೀನ್ ಸಾಹೇಬರು ಅದನ್ನು ವಾಪಸು ಕಳಿಸಿದರು. ಅವರು ಭೌತಶಾಸ್ತ್ರದವರು, ಉತ್ತರದ ಕಡೆಯವರು, ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷವಾಗಿದೆ. ಪ್ರಬಂಧದ ಮೇಲೆ ಕೆಂಪು ಶಾಯಿಯಲ್ಲಿ, 'ಕೊನೆಗೆ ಒಂದೇ ಹಾಳೆಯನ್ನು ಎರಡು ಸಲ ಲಗತ್ತಿಸಲಾಗಿದೆ. ಅಜಾಗರೂಕತೆ' ಎಂದು ಬರೆದಿದ್ದರು.

ಓಡಿದೆ. "ಸರ್, ಒಂದರಲ್ಲಿ ಇರುವುದು ಕನ್ನಡದ ಹಾಡು, ಇನ್ನೊಂದರಲ್ಲಿ ತೆಲುಗು ಹಾಡು."

ಅವರು ಎರಡೂ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ನನಗೆ ಎರಡೂ ದುಂಡಗೆ ಕಾಣುತ್ತವೆ."

"ನೋಡಿ ಸರ್, ಇಲ್ಲಿ ಮೇಲಿನ ಕೊಕ್ಕೆ ಬೇರೆ ಇದೆ."

"ಅಂದರೆ ಕೊಕ್ಕೆಯ ಮೇಲೆ ನೀವು ಡಿಗ್ರಿ ಕೊಡ್ತೀರಾ?"

ಅರ್ಧ ಗಂಟೆ ವಾದಿಸಿದೆ. ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಿ ಲಿಪಿಯ ಚರಿತ್ರೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಕೊನೆಗೆ ತಾವೇ ಪರಿಹಾರ ಸೂಚಿಸಿದರು. ಕನ್ನಡದ ಹಾಳೆಯನ್ನು ಹಳದಿ ಕಾಗದದ ಮೇಲೆ ಮುದ್ರಿಸಿ ತಂದೆವು, ತೆಲುಗು ಬಿಳಿಯದರಲ್ಲೇ ಇತ್ತು. ಡೀನರು ಎರಡನ್ನೂ ನೋಡಿ, "ಈಗ ವ್ಯತ್ಯಾಸ ಸ್ಪಷ್ಟವಾಗಿದೆ," ಎಂದು ಸಹಿ ಹಾಕಿದರು.

ನಿಯಮದಲ್ಲಿ ಅಪ್ಪ ಇಲ್ಲ

ಶಾಲೆ ತೆರೆಯಲು ಹತ್ತು ದಿನ ಇರುವಾಗ ಕನ್ನಡದ ಮೌಖಿಕ ಪರೀಕ್ಷೆ ನಿಗದಿಯಾಯಿತು. ಇಡೀ ಕ್ಯಾಂಪಸ್ಸಿನಲ್ಲಿ ಕನ್ನಡ ಬರುವ ಮೇಷ್ಟ್ರು ನಾನೊಬ್ಬನೇ. ಆದರೆ ಪ್ರಬಂಧದ ಮಾರ್ಗದರ್ಶಕ ಪರೀಕ್ಷೆ ಮಾಡುವಂತಿಲ್ಲ ಎಂಬ ನಿಯಮವಿದೆ. ಹಾಗಾಗಿ ಕರ್ನಾಟಕದ ಪ್ರೊಫೆಸರರೊಬ್ಬರು ಆನ್‌ಲೈನಿನಲ್ಲಿ ಬರುವುದೆಂದಾಯಿತು. ಬಂದರು. ನಮಸ್ಕಾರ ಹೇಳಿದರು. "ಮೊದಲನೆಯದಾಗಿ..." ಎಂದರು. ನೆಟ್‌ವರ್ಕ್ ಹೋಯಿತು. ಅರೆತೆರೆದ ಬಾಯಿಯೊಂದು ಪರದೆಯ ಮೇಲೆ ನಿಂತುಬಿಟ್ಟಿತು, ಮುಕ್ಕಾಲು ಗಂಟೆ.

ಇಂದು ಬಿಟ್ಟರೆ ಪರೀಕ್ಷಾ ಸಮಿತಿಯ ಮುಂದಿನ ಸಭೆ ಜುಲೈನಲ್ಲಿ. ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಸಮಿತಿಯ ಮುಖ್ಯಸ್ಥರಾದ ಡೀನರು, "ಇವಳು ಹೇಳುವುದನ್ನು ನಮಗೆ ಹಿಂದಿಯಲ್ಲಿ ತಿಳಿಸುವವರು ಯಾರಾದರೂ ಇದ್ದರೆ ನಾವೇ ಅಂಕ ಕೊಡಬಹುದು," ಎಂದರು. ಹೊರಗೆ ಬೆಂಚಿನ ಮೇಲೆ ಒಬ್ಬರು ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದಾರೆ ಎಂದು ಸೂಪರಿಂಟೆಂಡೆಂಟರು ಹೇಳಿದರು.

"ಅವರು ಇವಳ ಅಪ್ಪ ಸರ್, ಕರೆದುಕೊಂಡು ಹೋಗಲು ಬಂದಿದ್ದಾರೆ," ಎಂದೆ.

ಡೀನರು ನಿಯಮದ ಪುಸ್ತಕ ತಿರುವಿದರು. "ಮಾರ್ಗದರ್ಶಕ ಬಾಯಿ ಹಾಕಬಾರದು ಅಂತಿದೆ. ಅಪ್ಪ ಹಾಕಬಾರದು ಅಂತ ಎಲ್ಲೂ ಇಲ್ಲ."

ಅಪ್ಪ ಒಳಗೆ ಬಂದು ಚಪ್ಪಲಿ ಬಿಟ್ಟು ಕೂತರು. ಮಗಳು ಕನ್ನಡದಲ್ಲಿ ವಿವರಿಸಿದಳು: ಕನ್ನಡದ ಹಾಡಿನಲ್ಲಿ ಸೊಸೆ ತವರಿನ ದಾರಿಯನ್ನು ನೆನೆಯುತ್ತಾಳೆ, ತೆಲುಗಿನಲ್ಲಿ ಅದೇ ದುಃಖವನ್ನು ಬೀಸುವ ಕಲ್ಲಿಗೆ ಹೇಳಿಕೊಳ್ಳುತ್ತಾಳೆ. ಅಪ್ಪ ಒಂದು ಮಾತೂ ಬಿಡದೆ ಹಿಂದಿಗೆ ತಂದರು. ಕೊನೆಗೆ ತಮ್ಮದೂ ಒಂದು ಸೇರಿಸಿದರು. "ಹುಡುಗಿ ಹೇಳಿದ್ದು ಬರೋಬರ್ ಐತಿ ಸಾಹೇಬ್ರ. ಖರೆ ನಮ್ಮವ್ವ ಬೀಸೂಮುಂದ ಹಾಡಿದ್ದಕ್ಕಿಂತ ಬೈದದ್ದ ಭಾಳ. ಅದನ್ನ ಈಕಿ ಬರದಿಲ್ಲ." ಅದನ್ನೂ ಅವರೇ ಹಿಂದಿಗೆ ಅನುವಾದಿಸಿದರು.

ಡೀನರು ನಕ್ಕು, "ಎಲ್ಲ ಸರಿ, ಎರಡರಲ್ಲಿ ಯಾವುದು ಮೇಲು?" ಎಂದು ಕೇಳಿದರು.

ಅಪ್ಪ ನನ್ನ ಕಡೆ ನೋಡಿದರು. ನಾಲ್ಕು ವರ್ಷದ ಹಿಂದೆ ಇದೇ ಪ್ರಶ್ನೆ ಕೇಳಿದವರು ಅವರು. ಆಮೇಲೆ ಡೀನರ ಕಡೆ ತಿರುಗಿ ಹೇಳಿದರು, "ಸಾಬ್, ದೋನೋಂ ಪಾಸ್."

ಒರಿಜಿನಲ್ಲೂ ಜೆರಾಕ್ಸೂ

ಶಾಲೆ ತೆರೆಯುವ ಮುನ್ನಾದಿನ ಕನ್ನಡ ಪ್ರಾವೀಣ್ಯದ ಪ್ರಮಾಣಪತ್ರ ಬಂತು. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ಡೀನರ ಸಹಿ. ಹೆಸರು ಅಪ್ಪನದು.

ಸಭೆಯ ಹಾಳೆಯಲ್ಲಿ 'ಸಮಿತಿಯ ಮುಂದೆ ಕನ್ನಡ ಬಲ್ಲರೆಂದು ತೋರಿಸಿದವರು' ಎಂಬಲ್ಲಿ ಅವರ ಸಹಿ ಹಾಕಿಸಿಕೊಂಡಿದ್ದರಂತೆ. ಕಂಪ್ಯೂಟರು ಅದನ್ನೇ ಹಿಡಿದುಕೊಂಡಿತು. ಮಗಳ ಹೆಸರಿನ ಮುಂದೆ ಇನ್ನೂ 'ಒಂದು ಭಾಷೆ ಬಾಕಿ' ಎಂದೇ ಇತ್ತು. ನಾನು ಪರೀಕ್ಷಾ ವಿಭಾಗದ ಮೇಜಿನ ಮೇಲೆ ತಲೆಯಿಟ್ಟು ಕೂತೆ. ಅಳು ಬರುವುದೊಂದು ಬಾಕಿ.

"ದಾರಿ ಇದೆ ಸರ್," ಎಂದರು ಸೂಪರಿಂಟೆಂಡೆಂಟರು. "ಪ್ರಮಾಣಪತ್ರ ಪಡೆದವರು ಖುದ್ದಾಗಿ ಬಂದು ಅದನ್ನು ಒಪ್ಪಿಸಬೇಕು. ತಮಗೆ ಆ ಭಾಷೆ ಬರುವುದಿಲ್ಲವೆಂದು ಸ್ವಂತ ಕೈಯಲ್ಲಿ ಬರೆದುಕೊಡಬೇಕು. ಆಮೇಲೆ ಅದೇ ಅಂಕವನ್ನು ಮಗಳ ಹೆಸರಿಗೆ ಹಾಕಬಹುದು."

ಫೋನು ಮಾಡಿದೆ. ಅಪ್ಪ ಕೆಲಸ ಅರ್ಧಕ್ಕೆ ಬಿಟ್ಟು ಬಾಲಾನಗರದಿಂದ ಎರಡು ಬಸ್ಸು ಬದಲಿಸಿ ಬಂದರು. ಕೈಗೆ ಇನ್ನೂ ಎಣ್ಣೆ ಮೆತ್ತಿತ್ತು. ಪ್ರಮಾಣಪತ್ರವನ್ನು ಕೊಟ್ಟಾಗ ಅಂಚನ್ನಷ್ಟೇ ಹಿಡಿದುಕೊಂಡು ತಮ್ಮ ಹೆಸರನ್ನು ನೋಡಿದರು.

"ಸರ್, ಬದುಕಿನ್ಯಾಗ ಒಂದೂ ಸರ್ಟಿಫಿಕೇಟ್ ತಗೊಂಡಾಂವಲ್ಲ ನಾನು. ಸಾಲಿ ಬಿಟ್ಟಾಗ ಟೀಸೀನೂ ಇಸ್ಕೊಂಡಿದ್ದಿಲ್ಲ."

ನಾನು ಕುರ್ಚಿ ಎಳೆದುಕೊಟ್ಟೆ, ಅವರು ಕೂರಲಿಲ್ಲ.

"ಒಂದು ಐದು ಮಿನಿಟ್ ತಡೀತೀರೇನ್ರಿ?" ಎಂದು ಹೊರಗೆ ಹೋದರು. ಗೇಟಿನ ಎದುರಿನ ಅಂಗಡಿಯಿಂದ ಜೆರಾಕ್ಸ್ ಮಾಡಿಸಿಕೊಂಡು ಬಂದು, ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು. "ಒರಿಜಿನಲ್ ಮಗಳದಾಗಲಿ. ನನಗ ಇಷ್ಟ ಸಾಕು."

ಆಮೇಲೆ ಬಿಳಿ ಹಾಳೆ ಕೊಟ್ಟೆವು. ಅವರಿಗೆ ಮಾತಾಡಲು ನಾಲ್ಕು ಭಾಷೆ ಬರುತ್ತದೆ, ಬರೆಯಲು ಬರುವುದು ಕನ್ನಡ ಒಂದೇ. ಪೆನ್ನನ್ನು ಗಟ್ಟಿಯಾಗಿ ಹಿಡಿದು, ನಾಲಿಗೆ ತುದಿ ಕಚ್ಚಿಕೊಂಡು, ಏಳನೇ ಕ್ಲಾಸಿನಲ್ಲಿ ಕಲಿತ ಗುಂಡಗಿನ ಅಕ್ಷರದಲ್ಲಿ ಒಂದು ಕಾಗುಣಿತವೂ ತಪ್ಪದಂತೆ ಬರೆದರು: 'ನನಗೆ ಕನ್ನಡ ಬರುವುದಿಲ್ಲ. ನನ್ನ ಮಗಳಿಗೆ ಬರುತ್ತದೆ.' ಕೆಳಗೆ ಸಹಿ ಮಾಡಿದರು.

ಹಾಳೆ ಹಿಡಿದು ಎಲ್ಲರೂ ಡೀನರ ಕೋಣೆಗೆ ಹೋದೆವು. ಕನ್ನಡ ಬಾರದವರು ಕನ್ನಡದಲ್ಲಿ ಬರೆದರೆ ಅದು ಯಾವ ನಿಯಮಕ್ಕೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಡೀನರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಂದೆ, ಹಿಂದೆ ತಿರುಗಿಸಿ ನೋಡಿದರು. ಬಿಳಿಯ ಹಾಳೆ. ಮುದ್ರೆ ಒತ್ತಿ, ಮಗಳ ಪದವಿಯ ಕಾಗದಕ್ಕೆ ಅಲ್ಲೇ ಸಹಿ ಮಾಡಿ, ಎದ್ದು ನಿಂತು ಅಪ್ಪನ ಎಣ್ಣೆಗೈಯನ್ನು ಕುಲುಕಿದರು.

"ಕನ್ನಡ ಬರದಿದ್ದರೆ ಏನಾಯಿತು?" ಎಂದರು ಸಮಾಧಾನದ ದನಿಯಲ್ಲಿ. "ತೆಲುಗು ಎಷ್ಟು ಚಂದ ಬರೆಯುತ್ತೀರಿ!"