ಟವಲ್ ಹಾಕಿದ ಮೇಲೆ ಸೀಟು ನಮ್ಮದು

ನಮ್ಮ ಮಾಮನಷ್ಟು ಸೀಟು ಗೆದ್ದವರು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಯಾವ ಪಕ್ಷ ಎಂದು ಕೇಳಬೇಡಿ. ಅವನು ಗೆದ್ದಿದ್ದೆಲ್ಲ ಸಿರುಗುಪ್ಪದಿಂದ ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ, ಹೆಗಲ ಮೇಲಿನ ಟವಲ್ ಒಂದನ್ನೇ ನಂಬಿಕೊಂಡು.

ಮಾಮ ಎಂದರೆ ನನ್ನ ತಾಯಿಯ ತಮ್ಮ. ಸಿರುಗುಪ್ಪದಲ್ಲಿ ಬಾಡಿಗೆ ಮನೆ, ಬಳ್ಳಾರಿಯ ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಮನೆ ಒಂದು ಊರಲ್ಲಿ, ಅನ್ನ ಇನ್ನೊಂದು ಊರಲ್ಲಿ, ನಡುವೆ ಬಸ್ಸು. ಬೆಳಿಗ್ಗೆ ಬಸ್ಸು ಸ್ಟ್ಯಾಂಡಿನೊಳಗೆ ತಿರುಗುತ್ತಿದ್ದ ಹಾಗೇ ಜನರೆಲ್ಲ ಬಾಗಿಲಿಗೆ ನುಗ್ಗುತ್ತಿದ್ದರು. ಮಾಮ ಬಾಗಿಲ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಪಕ್ಕಕ್ಕೆ ಸರಿದು, ಇನ್ನೂ ನಿಲ್ಲದ ಬಸ್ಸಿನ ಕಿಟಕಿಯೊಳಗೆ ಟವಲ್ ಎಸೆಯುತ್ತಿದ್ದ. ಅದು ಹೋಗಿ ಅವನಿಗೆ ಬೇಕಾದ ಸೀಟಿನ ಮೇಲೆಯೇ ಬೀಳುತ್ತಿತ್ತು. ಆಮೇಲೆ ಸಾವಕಾಶವಾಗಿ ಚಹಾ ಮುಗಿಸಿ, ಎಲ್ಲರಿಗಿಂತ ಕೊನೆಗೆ ಹತ್ತುತ್ತಿದ್ದ.

ಒಮ್ಮೆ ಆದೋನಿ ಕಡೆಯ ದಪ್ಪನೆಯ ಆಸಾಮಿಯೊಬ್ಬ ಟವಲ್ ಮೇಲೆಯೇ ಕೂತುಬಿಟ್ಟಿದ್ದ. ಮಾಮ ಜಗಳಕ್ಕೆ ಹೋಗಲಿಲ್ಲ. "ಟವಲ್ ನಾದಿ" ಎಂದ, ತೆಲುಗಿನಲ್ಲಿ, ಟವಲ್ ನನ್ನದು ಎಂದು. ಆಸಾಮಿ ಕೂತಲ್ಲಿಂದಲೇ ಎಳೆದು ಕೊಡಲು ನೋಡಿದ. ಆ ದೇಹದ ಅಡಿಯಿಂದ ಟವಲ್ ಬರುವುದುಂಟೆ? ಕೊನೆಗೆ ಎದ್ದು, ಟವಲ್ ಕೊಟ್ಟು, ಮತ್ತೆ ಕೂರಲು ತಿರುಗಿದ. ಅಷ್ಟರಲ್ಲಿ ಮಾಮ ಆ ಜಾಗದಲ್ಲಿ ಒಬ್ಬ ಬಸುರಿ ಹೆಂಗಸನ್ನು ಕೂರಿಸಿ ಆಗಿತ್ತು.

ಹೌದು, ವಿಚಿತ್ರ ಇರುವುದು ಇಲ್ಲೇ. ಹಿಡಿದ ಸೀಟಿನಲ್ಲಿ ಮಾಮ ಕೂತಿದ್ದನ್ನು ಕಂಡವರಿಲ್ಲ. ಮುದುಕಿಯರು, ಬಾಣಂತಿಯರು, ಪರೀಕ್ಷೆಗೆ ಹೊರಟ ಹುಡುಗಿಯರು, ಇವರಿಗೆಲ್ಲ ಸೀಟು ಹಿಡಿದು ಕೊಟ್ಟು ತಾನು ಮೇಲಿನ ಸರಳು ಹಿಡಿದು ನಿಂತಿರುತ್ತಿದ್ದ. ನಾನು ಬಳ್ಳಾರಿಯಲ್ಲಿ ಕಾಲೇಜು ಓದಿದಷ್ಟೂ ವರ್ಷ ಕಿಟಕಿ ಪಕ್ಕ ಕೂತೇ ಹೋದವಳು. "ನೀನೂ ಕೂಡು ಮಾಮಾ" ಎಂದರೆ, "ಸೀಟ್ ಹಿಡಿಯೋದ್ರಾಗ ಮಜಾ ಐತಿ. ಕುಂದ್ರೋದ್ರಾಗ ಏನೈತಿ?" ಎನ್ನುತ್ತಿದ್ದ.

ಮದುವೆ ಆಗಲಿಲ್ಲ. ಹೆಣ್ಣು ನೋಡಲು ಹೋದ ಮನೆಗಳಲ್ಲಿ ಅವಲಕ್ಕಿ ತಿಂದು, "ಹುಡುಗಿ ಛಲೋ ಅದಾಳ, ಇನ್ನೂ ಛಲೋ ಹುಡುಗ ಸಿಗ್ಲಿ" ಎಂದು ಹೇಳಿ ಬಂದುಬಿಡುತ್ತಿದ್ದನಂತೆ. ಅಲ್ಲೂ ಬೇರೆಯವರಿಗೆ ಸೀಟು ಬಿಟ್ಟುಕೊಡುವ ಬುದ್ಧಿ. ನಮ್ಮಮ್ಮ ಹೋದ ಮೇಲೆ ಅವನಿಗೆ ಉಳಿದವಳು ನಾನೊಬ್ಬಳೇ.

ಹೋದ ವರ್ಷ ಸಿರುಗುಪ್ಪದ ಮನೆಯ ಬಚ್ಚಲಲ್ಲಿ ಜಾರಿ ಬಿದ್ದ. ಮೊಣಕಾಲು ಕೆಟ್ಟಿತು. ರಾತ್ರಿ ಬಿದ್ದವನು ಬೆಳಿಗ್ಗೆ ಹಾಲಿನವನು ಬಂದು ಬಾಗಿಲು ಬಡಿಯುವ ತನಕ ಅಲ್ಲೇ ಇದ್ದ. ಯಾರನ್ನೂ ಕೂಗಲಿಲ್ಲವಾ ಎಂದು ನಾನು ರೇಗಿದರೆ, "ಎಲ್ರೂ ಮಕ್ಕೊಂಡಿದ್ರಲ್ಲ" ಎಂದ. ಅವತ್ತಿನಿಂದ ನನಗೆ ಒಂದೇ ಚಿಂತೆ. ಇನ್ನೊಂದು ಸಲ ಬೀಳುವುದರೊಳಗೆ ಇವನನ್ನು ನಾಲ್ಕು ಜನ ಇರುವ ಕಡೆ ಸೇರಿಸಬೇಕು.

ಬಳ್ಳಾರಿಯ ನಮ್ಮ ಮನೆಗೆ ಬಾ ಎಂದು ಕರೆಯದೆ ಇರಲಿಲ್ಲ. "ನಿಮ್ದು ಮೂರನೇ ಮಾಳಿಗಿ. ಒಮ್ಮಿ ಹತ್ತಿದ್ರ ಇಳಿಯಾಕಾಗಲ್ಲ. ನೀವಿಬ್ರೂ ಕೆಲ್ಸಕ್ಕ ಹೋದ್ಮ್ಯಾಲೆ ನಾ ಗ್ವಾಡಿ ಜೋಡಿ ಮಾತಾಡ್ಬೇಕು. ಅದು ಸಿರುಗುಪ್ಪದಾಗೂ ಆಗ್ತೈತಿ" ಎಂದ. ಅದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಇನ್ನು ವೃದ್ಧಾಶ್ರಮದ ಮಾತು ಎತ್ತುವುದು ಹೇಗೆ ಎಂದು ನಾನು ಒದ್ದಾಡುತ್ತಿರುವಾಗ ಅವನೇ ಎತ್ತಿದ.

"ನನಗೊಂದು ಸೀಟ್ ನೋಡು. ಆದ್ರ ಟವಲ್ ಮಾತ್ರ ನಾ ಹಾಕ್ತೀನಿ. ನೀ ಹಾಕಂಗಿಲ್ಲ."

ಹೀಗೆ ನಾವಿಬ್ಬರು ಸೀಟು ನೋಡಲು ಹೊರಟೆವು. ಅವನ ಕೈಯಲ್ಲಿ ಕೋಲು, ಹೆಗಲಲ್ಲಿ ಟವಲ್. ಅಂಗಡಿಯವರು ಪ್ರತಿ ದೀಪಾವಳಿಗೂ ಟವಲ್ ಕೊಟ್ಟು ಕೊಟ್ಟು ಅವನ ಟ್ರಂಕಿನ ಮುಚ್ಚಳ ಹಾಕಲು ಬರುತ್ತಿರಲಿಲ್ಲ. ಆದರೂ ಹೆಗಲ ಮೇಲೆ ಬರುತ್ತಿದ್ದುದು ಮಾತ್ರ ಅದೇ ಹಳೆಯ ಕೆಂಪು ಅಂಚಿನದು.

ಮೊದಲು ಬಳ್ಳಾರಿಯ ಹೊಸ ಬಡಾವಣೆಯಲ್ಲೊಂದು ಕಡೆ. ನೆಲ ಫಳಫಳ. ಮ್ಯಾನೇಜರು ಬೂಟು ಹಾಕಿಕೊಂಡು ರೂಮು ತೋರಿಸಿದ. ಹಾಸಿಗೆ, ಟೀವಿ, ಎಸಿ, ತಲೆಯ ಹತ್ತಿರ ಒತ್ತುವ ಗಂಟೆ. ನನಗೆ ನಾನೇ ಇಲ್ಲಿ ಸೇರಿಕೊಳ್ಳೋಣವೇ ಅನ್ನಿಸಿತು. ಮಾಮ ಗಾಜಿನ ಕಿಟಕಿಯನ್ನು ಬೆರಳಿನಿಂದ ತಟ್ಟಿದ.

"ಇದು ತೆಗೀತೈತೇನ್ರಿ?"

"ಎಸಿ ಇದೆಯಲ್ಲ ಸರ್. ಕಿಟಕಿ ತೆಗೆಯೋ ಪ್ರಶ್ನೇನೇ ಬರಲ್ಲ."

"ಕಿಟಕಿ ತೆಗೀದಿದ್ರ ಟವಲ್ ಹೆಂಗ ಒಳಗ ಬರ್ತೈತ್ರಿ?"

ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು, ಮರೆವಿನ ತೊಂದರೆ ಇರುವವರಿಗೆ ಹಿಂದುಗಡೆ ಬೇರೆ ಸಾಲು ಇದೆ ಎಂದು ಮೆಲ್ಲಗೆ ಹೇಳಿದ. ಹೊರಗೆ ಬಂದ ಮೇಲೆ ಮಾಮ ಕೇಳಿದ, "ಏನಂದ ಆವ?" ನಿನಗೆ ಹಿಂದಿನ ಸೀಟು ಕೊಡ್ತಾನಂತೆ ಎಂದೆ. "ಹಿಂದಿನ ಸೀಟ್ ಕುಲುಕ್ತಾವು. ಬ್ಯಾಡ" ಎಂದ.

ಎರಡನೆಯದು ಸಿರುಗುಪ್ಪದಲ್ಲೇ. ಇದು ಸಿಕ್ಕಿತೆಂದು ನಾನು ಕುಣಿದಾಡುವುದೊಂದು ಬಾಕಿ. ಅವನ ಓಣಿಯಿಂದ ಕೂಗಳತೆ. ಉದ್ದನೆಯ ಹಾಲಿನಲ್ಲಿ ಎರಡು ಸಾಲು ಮಂಚ, ಎಲ್ಲರೂ ಅವನ ಪರಿಚಯದವರು. "ಬಾರಪ್ಪಾ ಟವಲ್ಲು" ಎಂದು ಅವನ ಅಡ್ಡಹೆಸರು ಹಿಡಿದೇ ಕರೆದರು. ಕಿಟಕಿ ಪಕ್ಕ ಒಂದು ಮಂಚ ಖಾಲಿ ಇತ್ತು. ಕಿಟಕಿ ತೆಗೆಯಲೂ ಬರುತ್ತಿತ್ತು. ಮಾಮ ಹೆಗಲಿನಿಂದ ಟವಲ್ ತೆಗೆದು ಎರಡು ಹೆಜ್ಜೆ ಇಟ್ಟವನು ಹಾಗೇ ನಿಂತ. ಆ ಮಂಚದ ಮೇಲೆ ಆಗಲೇ ಒಂದು ಟವಲ್ ಇತ್ತು.

"ಅದು ಹಚ್ಚೊಳ್ಳಿ ಊರಿನ ಅಜ್ಜಂದ್ರಿ" ಎಂದ ಮೇಲ್ವಿಚಾರಕ. "ಬಳ್ಳಾರಿ ಆಸ್ಪತ್ರಿಗೆ ಹೋಗ್ಯಾನ. ಭಾಳ ದಿನ ಆತು. ಬರಂಗಿಲ್ಲ ಬಿಡ್ರಿ." ಹೇಳುತ್ತಲೇ ಆ ಟವಲ್ ಎತ್ತಲು ಕೈ ಹಾಕಿದ.

"ಮುಟ್ಟಬ್ಯಾಡ್ರಿ" ಎಂದ ಮಾಮ. "ಬರಂಗಿಲ್ಲ ಅಂತ ಆವ ಹೇಳ್ಯಾನೇನು?"

"ಇಲ್ರಿ, ಆದ್ರ..."

"ಟವಲ್ ಐತಿ ಅಂದ್ರ ಬರ್ತೀನಂತ ಹೇಳಿ ಹೋಗ್ಯಾನ. ಬಂದು ನನ್ನ ನೋಡಿದ್ರ ಏನಂದ್ಕೋತಾನ?"

ತನ್ನ ಟವಲ್ ಮತ್ತೆ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ. ನಾನು ರಸ್ತೆಯಲ್ಲೇ ಕೂಗಾಡಿದೆ. ಆ ಅಜ್ಜ ಬರುವುದಿಲ್ಲ ಎಂದು ಇಡೀ ಹಾಲಿಗೆ ಗೊತ್ತು, ನಿನಗೊಬ್ಬನಿಗೆ ಗೊತ್ತಾಗಲಿಲ್ಲವೇ ಎಂದೆ. ಬಚ್ಚಲಲ್ಲಿ ಬಿದ್ದಿದ್ದನ್ನು ನೆನಪಿಸಿದೆ. ಅವನು ಕೋಲೂರಿಕೊಂಡು ಮುಂದೆ ಮುಂದೆ ನಡೆದ. ಕಾಲೇಜಿನಲ್ಲಿ ನೂರು ಹುಡುಗರನ್ನು ಸುಮ್ಮನಿರಿಸುವ ನನಗೆ ಈ ಒಬ್ಬ ಮುದುಕನ ಹತ್ತಿರ ಏನೂ ನಡೆಯಲಿಲ್ಲ.

ಮೂರನೆಯದು ಕುರುಗೋಡಿನಲ್ಲಿ. ಹಳೆಯ ಮನೆಯೊಂದನ್ನು ತಿದ್ದಿ ನಡೆಸುತ್ತಿದ್ದಾಕೆ ಒಬ್ಬ ನಿವೃತ್ತ ನರ್ಸಮ್ಮ. ಟವಲ್ ವಿಷಯವನ್ನೆಲ್ಲ ಫೋನಿನಲ್ಲೇ ಹೇಳಿಟ್ಟಿದ್ದೆ. ಇನ್ನೊಂದು ಸಲ ಹಿಂದಿನ ಸಾಲಿನ ಮಾತು ಕೇಳುವ ಶಕ್ತಿ ನನಗಿರಲಿಲ್ಲ. ಮಾಮ ಎರಡು ಮಂಚದ ಕೋಣೆಗೆ ಕಾಲಿಟ್ಟವನೇ ಕೇಳಿದ, "ಕಿಟಕಿ ತೆಗೀತೈತೇನವ್ವ?"

"ತೆಗಿಯಾಕ ಬರ್ತೈತ್ರಿ, ಮುಚ್ಚಾಕ ಬರಂಗಿಲ್ಲ. ಬಡಿಗ್ಯಾರು ಇವತ್ ಬರ್ತೀನಿ ನಾಳಿ ಬರ್ತೀನಿ ಅಂತ ವರ್ಷ ಮಾಡಿದ್ರು."

ಮಾಮನ ಮುಖ ಅರಳಿತು. ಕಿಟಕಿಯಾಚೆ ರಸ್ತೆ. ಬಳ್ಳಾರಿ ಬಸ್ಸೊಂದು ಬಂದು ನಿಂತು, ಜನರನ್ನು ತುಂಬಿಕೊಂಡು ಹೋಯಿತು. ಅವನು ಅದು ಕಣ್ಣಿಗೆ ಮರೆಯಾಗುವ ತನಕ ನೋಡಿದ. "ಒಬ್ರಿಗೂ ಸೀಟ್ ಹಿಡಿಯಾಕ ಬರಂಗಿಲ್ಲ" ಎಂದು ಗೊಣಗಿ, ಬಂದು ಖಾಲಿ ಮಂಚದ ಮೇಲೆ ಕೂತ. ಹೆಗಲಿನಿಂದ ಟವಲ್ ತೆಗೆದ. ಅವನು ಅದನ್ನು ಮಡಿಚಿ, ಕೈ ಚಾಚಿ, ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹಾಕಿದ.

"ಅಲ್ಲಲ್ರಿ ಯಜಮಾನ್ರ, ಮಂಚದ ಮ್ಯಾಲೆ ಹಾಕ್ರಿ. ನಿಮ್ ಸೀಟು ಅದು" ಎಂದರು ನರ್ಸಮ್ಮ.

"ಮಂಚದ ಮ್ಯಾಲೆ ನಾ ಕುಂತೀನಲ್ಲವ್ವ. ಕುಂತಾವ ಯಾಕ ಟವಲ್ ಹಾಕ್ತಾನ? ಟವಲ್ ಹಾಕೋದು ಬರೋರಿಗೆ."

ನನಗೆ ತಲೆಬುಡ ತಿಳಿಯಲಿಲ್ಲ. ತಿಳಿಯುವ ಪುರುಸೊತ್ತೂ ಇರಲಿಲ್ಲ. ಎಲ್ಲಿ ಹಾಕಿದರೇನು, ಹಾಕಿದನಲ್ಲ! ಅವನು ಮನಸ್ಸು ಬದಲಿಸುವುದರೊಳಗೆ ಮುಂಗಡ ಕಟ್ಟಿ, ಎರಡು ದಿನದಲ್ಲಿ ಟ್ರಂಕು ತಂದಿಟ್ಟು, ಮಾತ್ರೆಗಳನ್ನು ನರ್ಸಮ್ಮನ ಕೈಗೆ ಕೊಟ್ಟು ಬಂದೆ. ದೊಡ್ಡ ಕೆಲಸ ಮುಗಿಸಿದ ಜಂಬದಲ್ಲಿ ಆ ರಾತ್ರಿ ಚೆನ್ನಾಗಿ ನಿದ್ದೆಯೂ ಮಾಡಿದೆ.

ವಾರದ ನಡುವೆ ನರ್ಸಮ್ಮನ ಫೋನು ಬಂತು. ಮತ್ತೆ ಬಿದ್ದನೇ ಎಂದೇ ಮೊದಲು ಕೇಳಿದೆ. ಬಿದ್ದಿರಲಿಲ್ಲ. ದೂರು ಬೇರೆ ಇತ್ತು.

"ನಿಮ್ ಮಾಮಾರು ಆ ಕುರ್ಚಿ ಮ್ಯಾಲೆ ಯಾರ್ನೂ ಕುಂದ್ರಾಕ ಬಿಡವಲ್ರು ನೋಡ್ರಿ. ಬಾಜು ಮಂಚದೋರ ಮಗಳು ಬಂದ್ರ, ಟವಲ್ ಐತಿ ಕಾಣಂಗಿಲ್ಲೇನು ಅಂದ್ರಂತ. ನಿನ್ನಿ ಡಾಕ್ಟ್ರು ಬಂದಿದ್ರು. ಪಾಪ, ನಿಂತ್ಕೊಂಡೇ ಬಿಪಿ ನೋಡಿ ಹೋದ್ರು."

ನಾನು ನಕ್ಕೆ. ಯಾರಿಗೆ ಹಿಡಿದಿಟ್ಟಿದ್ದಾನಂತೆ ಎಂದು ಕೇಳಿದೆ.

"ಕೇಳಿದ್ನಲ್ಲ. ಬಳ್ಳಾರಿ ಬಸ್ಸಿಗೆ ಬರ್ತಾಳ ಅಂದ್ರು."

ಆಮೇಲೆ ಆಕೆ ಊಟದ ವಿಷಯ, ಮಾತ್ರೆಯ ವಿಷಯ ಇನ್ನೂ ಏನೇನೋ ಹೇಳಿದರು. ನಾನು ಹೂಂ ಹೂಂ ಎಂದೆ. ಒಂದೂ ಕಿವಿಗೆ ಬೀಳಲಿಲ್ಲ.

ಭಾನುವಾರ ಹೊರಟೆ. ಕುರುಗೋಡಿನ ಬಸ್ಸು ತುಂಬಿ ತುಳುಕುತ್ತಿತ್ತು. ಟವಲ್ ಎಸೆಯುವವರು ಯಾರೂ ಇಲ್ಲದೆ ಬಾಗಿಲಲ್ಲಿ ನುಗ್ಗಿ, ಯಾರದೋ ಮೊಣಕೈ ತಿಂದು, ಸರಳು ಹಿಡಿದು ನಿಂತೇ ಹೋದೆ. ಕಾಲು ನೋಯುತ್ತಿದ್ದವು. ಇಷ್ಟು ದೂರವನ್ನಲ್ಲ, ಇದಕ್ಕಿಂತ ದೂರವನ್ನು ಮಾಮ ವರ್ಷಾನುಗಟ್ಟಲೆ ಹೀಗೇ ನಿಂತು ಬಂದಿದ್ದ. ಮಜಾ ಐತಿ ಅಂದಿದ್ದನ್ನು ನಾನು ನಂಬಿದ್ದೆ.

ಮಂಚದ ಮೇಲೆ ಕೂತಿದ್ದ ಮಾಮ ಬಾಗಿಲಲ್ಲಿ ನನ್ನನ್ನು ಕಂಡವನೇ ಮುಖ ನೋಡಿ ಕೇಳಿದ, "ನಿಂತ್ಕೊಂಡು ಬಂದಿ ಅಲ್ಲ?"

"ಸೀಟ್ ಸಿಗಲಿಲ್ಲ ಮಾಮಾ."

"ಸಿಗಂಗಿಲ್ಲ. ಹಿಡೀಬೇಕು" ಎಂದ.

ಕುರ್ಚಿಯ ಮೇಲಿನ ಕೆಂಪಂಚಿನ ಟವಲ್ ಎತ್ತಿ, ಅದರಿಂದಲೇ ಕುರ್ಚಿಯನ್ನು ಎರಡು ಸಲ ಝಾಡಿಸಿ ಹೆಗಲಿಗೆ ಹಾಕಿಕೊಂಡ. ನನ್ನ ಮುಖ ಅವನಿಗೆ ಕಾಣದಿರಲೆಂದು ನಾನು ಕಿಟಕಿಯ ಕಡೆ ತಿರುಗಿದೆ. ಬಸ್ಸಿನಲ್ಲಿ ಯಾವಾಗಲೂ ನಿಂತೇ ಇರುತ್ತಿದ್ದ ಮಾಮ ಈಗ ಕೂತಿದ್ದ, ನಾನು ನಿಂತಿದ್ದೆ.

"ಕುಂದ್ರವ್ವ" ಎಂದ. "ನಿಂದಽ ಸೀಟು."