ಪಾಚಿ ಹಸಿರಿಗೊಂದು ಚೌಕಾಸಿ

ಬಣ್ಣ ಬೆರೆಸುವ ವಿದ್ಯೆ ಕಲಿಯಲು ನನಗೆ ತಗುಲಿದ ಖರ್ಚು: ನಾಲ್ಕು ಟ್ಯೂಬ್ ಬಣ್ಣ, ಅಂಗಡಿಯ ಒಂದು ಸ್ಟೂಲು, ಮತ್ತು ಮಾವನ ಹತ್ತಿರ ನನಗಿದ್ದ ಅಷ್ಟಿಷ್ಟು ಮರ್ಯಾದೆ. ಕಾರಣ? ಒಂದು ಫೋಟೊಗೆ ಬಣ್ಣ ತುಂಬಲು ಬಂಗಾರಪೇಟೆಯ ಪೇಂಟರ್ ಹೇಳಿದ ರೇಟಿಗೆ ನಾನು ಒಪ್ಪಲಿಲ್ಲ.

ಒಪ್ಪುವ ಆಸಾಮಿಯೇ ಅಲ್ಲ ನಾನು. ರಾಬರ್ಟ್‌ಸನ್‌ಪೇಟೆಯ ರಸ್ತೆ ಬದಿಯಲ್ಲಿ ಟಾರ್ಪಾಲು ಹಾಸಿ ಪಾತ್ರೆ ಮಾರುತ್ತಿದ್ದವನು ಇವತ್ತು ಶಟರ್ ಇರುವ ಅಂಗಡಿ ಇಟ್ಟಿದ್ದೇನೆ ಅಂದರೆ ಅದು ಚೌಕಾಸಿಯ ಪುಣ್ಯ. ಎದುರಿನವರ ಮೊದಲ ಮಾತಿಗೇ ನಾನು ಒಪ್ಪಿದ್ದು ಜೀವನದಲ್ಲಿ ಒಂದೇ ಸಲ, ಮದುವೆಗೆ. "ಅದೂ ನೀವಲ್ಲ, ನಾವು ಒಪ್ಕೊಂಡಿದ್ದು" ಎನ್ನುತ್ತಾಳೆ ನನ್ನ ಹೆಂಡತಿ ಸರೋಜ.

ಅವಳ ಅಪ್ಪ, ಅಂದರೆ ನನ್ನ ಮಾವ, ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಗೆ ಇಳಿದು ದುಡಿದವರು. ತೀರಿಕೊಂಡ ಅತ್ತೆಯದು ಅವರ ಬಳಿ ಇರುವುದು ಒಂದೇ ಫೋಟೊ, ಮದುವೆಯದು, ಕಪ್ಪು ಬಿಳುಪು. ಈ ಸಲದ ತಿಥಿಗೆ ಅದು ದೊಡ್ಡದಾಗಿ, ಬಣ್ಣದಲ್ಲಿ ಬೇಕು ಅಂದರು. ಮಾವ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

"ಮುಖ ಎಂಗಾದ್ರೂ ಇರ್ಲಪ್ಪಾ, ಸೀರೆ ಬಣ್ಣ ಸರ್ಯಾಗಿರ್ಬೇಕು. ಅವತ್ತು ತಲೆ ತಗ್ಗಿಸ್ಕೊಂಡೇ ಕೂತಿದ್ಲು. ನಂಗೆ ಕಂಡಿದ್ದು ಸೀರೆ ಒಂದೇ."

"ಯಾವ ಬಣ್ಣ ಮಾವ?"

"ಅಸ್ರು. ಪಾಚಿ ಅಸ್ರು."

ಮದುವೆ ಹೆಣ್ಣಿಗೆ ಯಾರಾದರೂ ಪಾಚಿ ಉಡಿಸುತ್ತಾರೆಯೇ? "ಗಿಳಿ ಹಸಿರಿರಬೇಕು ಮಾವ" ಅಂದೆ.

"ಅಲ್ಲಪ್ಪಾ, ಪಾಚಿ."

"ಹೋಗ್ಲಿ, ಮಾವಿನೆಲೆ?"

"ಪಾಚಿ ಕಣಯ್ಯಾ!"

ಕೊನೆಗೆ ಅವರೇ ಸುಸ್ತಾಗಿ ಸುಮ್ಮನಾದರು. ನಮ್ಮ ವ್ಯಾಪಾರದಲ್ಲಿ ಎದುರಿನವರು ಸುಮ್ಮನಾದರೆ ಮಾತು ಕುದುರಿತು ಎಂದರ್ಥ. ಗಿಳಿ ಹಸಿರಿಗೆ ಮುಗಿಸಿದೆ!

ಸ್ಟುಡಿಯೋದಲ್ಲಿ ಫೋಟೊವನ್ನು ಕ್ಯಾನ್ವಾಸಿನ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಚಿತ್ರ ಬಿಡಿಸುವ ಕೆಲಸ ತಪ್ಪಿತು, ಬಣ್ಣ ತುಂಬಿದರಾಯಿತು. ಮೊಬೈಲಿನಲ್ಲಿ ಪಾಠ ಕೇಳಿದೆ. ಕೆಂಪು, ಹಳದಿ, ನೀಲಿ, ಇವೇ ಮೂಲ ಬಣ್ಣಗಳು, ಮಿಕ್ಕವೆಲ್ಲ ಇವುಗಳ ಸಂತಾನ ಎಂದರು. ಹಾಗಾದರೆ ಇಡೀ ಡಬ್ಬಿ ಕೊಳ್ಳುವವರು ಶುದ್ಧ ದಡ್ಡರು! ಮೂರೇ ಟ್ಯೂಬು ಕೊಂಡೆ. ಬಿಳಿ ಬಣ್ಣವೇ ಅಲ್ಲ ಎಂದೂ ಪಾಠದಲ್ಲಿತ್ತು, ಅದನ್ನೂ ಬಿಟ್ಟೆ. ನೀಲಿಯಲ್ಲಿ ಎರಡು ಥರ ಇತ್ತು. ನೀಲಿ ನೀಲಿಯೇ ತಾನೆ? ಅಗ್ಗದ್ದು ತಂದೆ.

ಸ್ಟೀಲ್ ತಟ್ಟೆಯಲ್ಲಿ ನೀಲಿಗೆ ಹಳದಿ ಬೆರೆಸಿದೆ. ಗಿಳಿ ಬರಲಿಲ್ಲ. ಮಂಕು ಹಿಡಿದ ಹಸಿರೊಂದು ಬಂತು. ನೀಲಿಯ ಪೂರ್ತಿ ಟ್ಯೂಬ್ ಹಿಂಡಿದೆ, ಮತ್ತಷ್ಟು ಹಳದಿ ಸುರಿದೆ. ಮತ್ತಷ್ಟು ಮಂಕು! ಪಾಠವನ್ನು ತಿರುಗಿ ಹಾಕಿ ನೋಡಿದಾಗ ಸತ್ಯ ತಿಳಿಯಿತು. ನಾನು ತಂದದ್ದು ನೇರಳೆಯ ಕಡೆಗೆ ವಾಲಿದ ನೀಲಿ; ಅದರ ಹೊಟ್ಟೆಯೊಳಗೆ ಕೆಂಪು ಅಡಗಿದೆ. ಕೆಂಪು ಹಸಿರಿನ ವಿರುದ್ಧ ಬಣ್ಣ, ಬೆರೆತರೆ ಹಸಿರಿನ ಕಳೆಯನ್ನೇ ಕೊಲ್ಲುತ್ತದೆ.

ತಟ್ಟೆ ತುಂಬ ಸತ್ತ ಹಸಿರು. ಚೆಲ್ಲಲು ಮನಸ್ಸು ಬರಲಿಲ್ಲ. ಅಂಗಡಿ ಮುಂದೆ ಬಂದವರು ಕೂರಲು ಇದ್ದ ಒಂದೇ ಮರದ ಸ್ಟೂಲಿಗೆ ಬಳಿದೆ.

ಇನ್ನೊಂದು ನೀಲಿ ತಂದೆ. "ಮೂರು ಸಾಕು ಅಂದ್ರಲ್ಲಾ?" ಅಂದಳು ಸರೋಜ. "ಇದು ನೀಲಿಯ ತಮ್ಮ" ಅಂದೆ. ಈ ಸಲ ಗಿಳಿ ಬಂತು! ಸೀರೆಗೆ ಬಳಿದೆ. ವಿರುದ್ಧ ಬಣ್ಣ ಬೆರೆತರೆ ಕೊಲ್ಲುತ್ತದೆ, ಪಕ್ಕದಲ್ಲಿ ನಿಂತರೆ ಮೆರೆಸುತ್ತದೆ ಎಂದು ಪಾಠ ಹೇಳಿತ್ತು. ಹಿನ್ನೆಲೆಗೆಲ್ಲ ಕೆಂಪು ಬಳಿದೆ. ಟ್ಯೂಬುಗಳಲ್ಲಿ ಉಳಿದ ಮೂರೂ ಬಣ್ಣ ಬೆರೆಸಿ ಮೈಬಣ್ಣ ಮಾಡಹೊರಟೆ. ಬಿಳಿ ಇಲ್ಲವಲ್ಲ, ಅತ್ತೆಯ ಮುಖ ಮಳೆಯಲ್ಲಿ ನೆನೆದ, ಗಣಿಯ ಕಸ ಸುರಿದ ಸೈನೈಡ್ ದಿಬ್ಬದ ಹಾಗಾಯಿತು. ಒರೆಸಿದೆ. ಸೀರೆಯ ಹಸಿರು ಕೆನ್ನೆಗೆ ಹತ್ತಿತು.

ಪಕ್ಕದಲ್ಲಿ ಹೂ ಮಾರುವ ಸೆಲ್ವಿ ತಿಥಿಯ ಹಾರಕ್ಕೆ ಅಳತೆ ಕೇಳಲು ಬಂದವಳು ಬಾಗಿಲಲ್ಲೇ ನಿಂತಳು. "ಕಡವುಳೇ, ದೇವ್ರೇ! ಅಣ್ಣಾ, ಮಾರಿಯಮ್ಮನ್ನ ಯಾಕೆ ಅಂಗ್ಡಿಯಾಗೆ ಇಟ್ಟಿದ್ದೀರಾ?"

"ನಮ್ಮತ್ತೆ ಕಣಮ್ಮಾ."

"ಇರ್ಲಿ ಬಿಡಿ ಅಣ್ಣಾ" ಎಂದು ಚಪ್ಪಲಿ ಬಿಟ್ಟು ಕೈ ಮುಗಿದಳು. "ಭಯ ಆಯ್ತದೆ."

ತಿಥಿಯ ಹಿಂದಿನ ದಿನ ಮಾವ ಬಂದರು. ಚಿತ್ರದ ಮುಂದೆ ನಿಂತರು.

"ಯಾರಪ್ಪಾ ಇದು?"

ನಾನು ಸರೋಜಳ ಕಡೆ ನೋಡಿದೆ. ಅವಳು ಪಾತ್ರೆಗಳ ಕಡೆ ನೋಡಿದಳು.

"ಒಂದೇ ಒಂದು ಕೇಳಿದ್ನಲ್ಲಪ್ಪಾ" ಎಂದು ಮಾವ ಹೊರಗೆ ಬಂದು ಸ್ಟೂಲಿನ ಮೇಲೆ ಕೂರಲು ಬಗ್ಗಿದರು. ಕೂರಲಿಲ್ಲ. ಬಗ್ಗಿದವರು ಹಾಗೇ ಅದರ ಮೇಲೆ ಕೈಯಾಡಿಸಿದರು.

"ಸರೋಜಾ, ಬಾರಮ್ಮಾ ಇಲ್ಲಿ. ಇದೇ ಕಣೇ! ನಿಮ್ಮಮ್ಮನ್ ಸೀರೆ ಇದೇ ಬಣ್ಣ!"

ನನ್ನ ಕಾಲಿನ ಕೆಳಗೆ ಯಾರೋ ಹೊಸ ಗಣಿ ತೋಡಿದ ಹಾಗಾಯಿತು. "ಮಾವ, ನಾಳೆ ಬೆಳಿಗ್ಗೆಯೊಳಗೆ ಚಿತ್ರಕ್ಕೂ ಅದನ್ನೇ ಬಳಿದುಬಿಡ್ತೀನಿ..."

"ಬ್ಯಾಡ. ನೀನು ಅವಳನ್ನ ಮುಟ್ಬ್ಯಾಡ."

ಸ್ಟೂಲನ್ನು ಆಟೊದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದರು. ಮಾರನೆಯ ದಿನ ಅದೇ ಹಳೆಯ ಕಪ್ಪು ಬಿಳುಪು ಫೋಟೊ ಅದರ ಮೇಲೆ ಕೂತಿತ್ತು, ಸೆಲ್ವಿಯ ಹಾರ ಹಾಕಿಕೊಂಡು. ಮಾವ ಎಲ್ಲರಿಗೂ ಸ್ಟೂಲು ತೋರಿಸಿದರು, ನನ್ನನ್ನು ತೋರಿಸಲಿಲ್ಲ. ನನ್ನ ಕ್ಯಾನ್ವಾಸ್ ಈಗ ಕುಕ್ಕರ್ ಡಬ್ಬಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ.

ನೀವು ಬಣ್ಣ ಬೆರೆಸುವವರಾದರೆ ನನ್ನ ಮಾತು ಕೇಳಿ. ನೀಲಿ ಕೊಳ್ಳುವ ಮುಂಚೆ ಅದು ಯಾವ ಕಡೆ ವಾಲಿದೆ ಎಂದು ಕೇಳಿ. ಏನೇ ಉಳಿಸಿದರೂ ಬಿಳಿಯಲ್ಲಿ ಉಳಿಸಬೇಡಿ. ಕೆಟ್ಟಿತು ಅನಿಸಿದ ಬಣ್ಣವನ್ನು ಕೇಳಿದವರಿಗೆ ಒಮ್ಮೆ ತೋರಿಸಿ, ಆಮೇಲೆ ಸ್ಟೂಲಿಗೆ ಬಳಿಯಿರಿ. ಅವರು ಪಾಚಿ ಅಂದರೆ ಪಾಚಿಯೇ, ಚೌಕಾಸಿ ಬೇಡ. ಇನ್ನೂ ವಿವರ ಬೇಕಿದ್ದರೆ ಅಂಗಡಿಗೆ ಬನ್ನಿ, ಹೇಳುತ್ತೇನೆ.

ನಿಂತುಕೊಂಡೇ ಕೇಳಬೇಕು, ಅಷ್ಟೇ.