ಅಕ್ಷಯ ತದಿಗೆಯ ಪಾಸ್‌ವರ್ಡ್

ನನ್ನ ಜ್ಞಾಪಕಶಕ್ತಿಯ ಬಗ್ಗೆ ನನಗೆ ಬಹಳ ಗೌರವ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಪ್ರಬಂಧ ಮುಗಿಯುವ ಹೊತ್ತಿಗೆ ಆ ಗೌರವ ನಿಮಗೂ ಇರುತ್ತದೆಂಬ ಭರವಸೆ ಇಲ್ಲ. ಬೇರೆಯವರ ನೆನಪು ಹಳೆಯ ಪಂಚೆಯ ಹಾಗೆ, ಅಲ್ಲಲ್ಲಿ ತೂತು. ನನ್ನದು ಇಸ್ತ್ರಿಯವನು ಮಡಿಸಿ ಕೊಟ್ಟ ಹಾಗೆ, ಅಂಚಿಗೆ ಅಂಚು ಸರಿಯಾಗಿ. ಇಷ್ಟು ಒಪ್ಪವಾಗಿ ಬರುವ ನೆನಪನ್ನು ಅನುಮಾನಿಸಬೇಕು ಎಂದು ಹಲವರಿಗೆ ನಾನೇ ಬುದ್ಧಿ ಹೇಳಿದ್ದೇನೆ. ಆ ಬುದ್ಧಿ ನನಗೆ ಅನ್ವಯಿಸುತ್ತದೆಂದು ಯಾರೂ ಹೇಳಿರಲಿಲ್ಲ. ಉದಾಹರಣೆಗೆ ಬನಶಂಕರಿ ಎರಡನೇ ಹಂತದಲ್ಲಿ ನನ್ನ ಅಂಗಡಿ ಶುರುವಾದ ದಿನವನ್ನೇ ತೆಗೆದುಕೊಳ್ಳಿ. ಅಕ್ಷಯ ತದಿಗೆ. ನಾನು ಶಟರ್ ಎತ್ತಿದೆ. ಪುರೋಹಿತರು ಮಂತ್ರ ಹೇಳಿದರು. ನಾನು ಈಡುಗಾಯಿ ಒಡೆದೆ. ಒಂದೇ ಏಟಿಗೆ ಚೂರುಚೂರಾಯಿತು. ಒಂದು ಚೂರು ಹಾರಿ ಪಕ್ಕದ ಪಂಕ್ಚರ್ ಅಂಗಡಿಯವನ ಕಾಲ ಬಳಿ ಬಿತ್ತು, ಅವನು ಎತ್ತಿಕೊಂಡು, ಊದಿ, ತಿಂದ. ಆ ಚೂರಿನ ಆಕಾರವೂ ನನಗೆ ನೆನಪಿದೆ. ಬಂದ ಗಿರಾಕಿಗಳಿಗೆಲ್ಲ ಈ ಕತೆ ಹೇಳಿದ್ದೇನೆ. ಕೆಲವರಿಗೆ ಎರಡೆರಡು ಸಲ ಹೇಳಿದ್ದೇನಂತೆ, ಅದು ಮಾತ್ರ ನೆನಪಿಲ್ಲ.

ನನ್ನದು ಹಳೆಯ ಆಫೀಸ್ ಫೋನುಗಳ ವ್ಯಾಪಾರ. ಮುಚ್ಚುವ ಕಚೇರಿಗಳಿಂದ ಕೊಂಡು, ತೆರೆಯುವ ಕಚೇರಿಗಳಿಗೆ ಮಾರುತ್ತೇನೆ. ನಮ್ಮ ಕಡೆ ಎರಡಕ್ಕೂ ಬರವಿಲ್ಲ. ಬಿ.ಟಿ.ಎಂ. ಲೇಔಟಿನ ಒಂದೇ ಕಟ್ಟಡದಲ್ಲಿ ಮೂರನೇ ಮಹಡಿ ಖಾಲಿಯಾಗುವ ದಿನವೇ ಮೊದಲನೇ ಮಹಡಿಯಲ್ಲಿ ಗಣಹೋಮ. ಲಿಫ್ಟಿನಲ್ಲಿ ಕೆಳಗೆ ಬರುವಾಗ ಕಾಲು ಮುರಿದ ಕುರ್ಚಿ, ಮೇಲೆ ಹೋಗುವಾಗ ಬಾಳೆಕಂಬ. ನಾನು ಎರಡೂ ಕಡೆಯವರಿಗೆ ವಿಸಿಟಿಂಗ್ ಕಾರ್ಡ್ ಕೊಟ್ಟು ಬರುತ್ತೇನೆ. ಗೋಡೆಗೆ ಹೊಡೆದ ಒಂದು ಪೆಟ್ಟಿಗೆ, ಅದಕ್ಕೆ ಕಟ್ಟಿಹಾಕಿದ ಮೇಜುಮೇಜಿನ ಫೋನುಗಳು, ಇಷ್ಟೇ ಸರಂಜಾಮು. ಆದರೆ ಪೆಟ್ಟಿಗೆ ಬರೀ ದೇಹ, ಜೀವ ಇರುವುದು ಲೈಸೆನ್ಸಿನಲ್ಲಿ. ಇಷ್ಟು ಫೋನುಗಳು ಮಾತಾಡಬಹುದು ಎಂದು ಪೆಟ್ಟಿಗೆ ತಯಾರಿಸಿದ ಕಂಪನಿ ಕೊಡುವ ಅಪ್ಪಣೆ ಅದು. ಕಣ್ಣಿಗೆ ಕಾಣುವುದಿಲ್ಲ, ಪೆಟ್ಟಿಗೆಯೊಳಗೆ ಮೊದಲ ಒಡೆಯನ ಹೆಸರಿನಲ್ಲಿ ಕೂತಿರುತ್ತದೆ. ಆತ್ಮಕ್ಕೆ ಪುನರ್ಜನ್ಮ ಉಂಟೋ ಇಲ್ಲವೋ ಎಂದು ಪಾರ್ಕಿನ ಬೆಂಚಿನ ಮೇಲೆ ನಿವೃತ್ತರು ವಾದ ಮಾಡುತ್ತಾರೆ. ನಾನು ಮೂರನೇ ಜನ್ಮದ ಪೆಟ್ಟಿಗೆಗೆ ಒಂದು ವರ್ಷ ವಾರಂಟಿ ಕೊಡುತ್ತೇನೆ.

ಅಂಥ ಒಂದು ಪೆಟ್ಟಿಗೆಯನ್ನು ತ್ಯಾಗರಾಜನಗರದ ಡಾಕ್ಟರ್ ವಿಮಲಾ ಅವರ ನರ್ಸಿಂಗ್ ಹೋಮಿಗೆ ಮಾರಿದೆ. ಅವರು ನನ್ನ ಹಳೆಯ ಗಿರಾಕಿ. ಹೊಸ ಕಟ್ಟಡ ಸೋಮವಾರ ಶುರುವಾಗಬೇಕಿತ್ತು. ಶುಕ್ರವಾರ ಪೆಟ್ಟಿಗೆ ಕೂರಿಸಿ, ಹಳೆಯ ಕಟ್ಟಡದ ಫೋನುಗಳನ್ನೂ ಹೊಸದರವನ್ನೂ ಅದಕ್ಕೆ ಕಟ್ಟಿ, ಕರೆಂಟ್ ಕೊಟ್ಟೆ. ಹಸಿರು ದೀಪ ಹತ್ತಿತು. ಅರ್ಧ ಗಂಟೆಯಲ್ಲಿ ಪೂರ್ವಜನ್ಮದ ವಾಸನೆ ಬರತೊಡಗಿತು. ಆ ಪೆಟ್ಟಿಗೆ ಮೊದಲಿದ್ದದ್ದು ಮುಚ್ಚಿಹೋದ ಒಂದು ಕಂಪನಿಯಲ್ಲಿ. ಅಲ್ಲಿಯವರ ಪದವಿಗಳೆಲ್ಲ ಇನ್ನೂ ಅದರ ಹೊಟ್ಟೆಯಲ್ಲಿದ್ದವು. ಕ್ಯಾಂಟೀನಿನ ನಿಂಗಮ್ಮ ಫೋನ್ ಮಾಡಿದರೆ ಎದುರಿನವರ ಫೋನಿನ ಪುಟ್ಟ ಪರದೆಯಲ್ಲಿ ‘ಮ್ಯಾನೇಜಿಂಗ್ ಡೈರೆಕ್ಟರ್’ ಎಂದು ಮೂಡುತ್ತಿತ್ತು. ಹೊಸದಾಗಿ ಸೇರಿದ್ದ ಡ್ಯೂಟಿ ಡಾಕ್ಟರು ಅದನ್ನು ನೋಡಿ ಎದ್ದು ನಿಂತು, "ಎಸ್ ಸಾರ್, ಹೇಳಿ ಸಾರ್" ಎಂದರು. ಆ ಕಡೆಯಿಂದ, "ಉಪ್ಪಿಟ್ಟು ಐತೆ, ಕಳಿಸ್ಲಾ?" ಎಂದು ಬಂತು. "ತಮ್ಮ ಇಷ್ಟ ಸಾರ್" ಎಂದರಂತೆ. ಇಷ್ಟೇ ಆಗಿದ್ದರೆ ನಗಬಹುದಿತ್ತು. ಹೊಸ ಕಟ್ಟಡದ ಹನ್ನೆರಡು ಫೋನುಗಳು ಉಸಿರೇ ಬಿಡಲಿಲ್ಲ. ಅವಕ್ಕೆ ಬೇಕಾದ ಲೈಸೆನ್ಸುಗಳನ್ನು ಆ ಕಂಪನಿಯ ಹನ್ನೆರಡು ಅಧಿಕಾರಿಗಳು ಬಿಡದೆ ಹಿಡಿದು ಕೂತಿದ್ದರು. ಕಂಪನಿ ಹೋಗಿ ವರ್ಷವಾಗಿದೆ, ಕುರ್ಚಿಗಳನ್ನೂ ನಾನೇ ಕೊಂಡಿದ್ದೇನೆ, ಆದರೂ ಏಳರು. ಅವರನ್ನು ಎಬ್ಬಿಸಲು ಪೆಟ್ಟಿಗೆಯ ಪಾಸ್‌ವರ್ಡ್ ಬೇಕು.

ಡಾಕ್ಟರ್ ವಿಮಲಾ ಶಾಂತವಾಗಿ ಮಾತಾಡುವವರು. ಅದೇ ಭಯ. "ಶ್ರೀನಿವಾಸ್, ಲೇಬರ್ ವಾರ್ಡಿಂದ ಫೋನ್ ಬರ್ದೇ ಇದ್ರೆ ನಾನು ಮೇಲಕ್ಕೂ ಕೆಳಕ್ಕೂ ಓಡಾಡ್ಬೇಕಾ? ನನಗೆ ಮಂಡಿ ನೋವು. ಭಾನುವಾರ ಸಂಜೆ ಒಳಗೆ ಆಗುತ್ತೆ ಅಂದ್ರೆ ಇರ್ಲಿ. ಇಲ್ಲ ಅಂದ್ರೆ ಇದನ್ನ ಗೋಡೆಯಿಂದ ಬಿಚ್ಚಿ. ನಿಮ್ಮನ್ನೂ ಆಮೇಲೆ ಕರೆಯಲ್ಲ."

ನಾನು ಧೈರ್ಯವಾಗಿ ಅವರ ಮುಂದೆಯೇ ತಯಾರಕರ ಸಹಾಯವಾಣಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಕೆಲಸ ಬಲ್ಲವನು ಸ್ಪೀಕರ್ ಹಾಕಲು ಹೆದರಬಾರದು. ಆ ಕಡೆಯ ಹುಡುಗಿ ಹೇಳಿದಳು: "ಪಾಸ್‌ವರ್ಡ್ ಐದು ಸಲ ತಪ್ಪಾದ್ರೆ ಒಂದು ದಿನ ಲಾಕ್ ಆಗುತ್ತೆ ಸಾರ್. ರೀಸೆಟ್ ಮಾಡಿದ್ರೆ ಲೈಸೆನ್ಸ್ ಎಲ್ಲಾ ಹೋಗುತ್ತೆ. ವಾಪಸ್ ಬೇಕು ಅಂದ್ರೆ ರಿಜಿಸ್ಟರ್ಡ್ ಓನರ್ ಲೆಟರ್ ಕೊಡ್ಬೇಕು. ಇದು ಆ ಕಂಪನಿ ಹೆಸರಲ್ಲಿ ಇಲ್ಲ ಸಾರ್, ಹಾಕಿಕೊಟ್ಟ ಡೀಲರ್ ಹೆಸರಲ್ಲೇ ಇದೆ."

ನಮ್ಮ ಕಸುಬಿನ ಹಳೆಯ ಚಾಳಿ ಇದು. ಲೈಸೆನ್ಸನ್ನು ಗಿರಾಕಿಯ ಹೆಸರಿಗೆ ಮಾಡಿಸದೆ ತನ್ನ ಹೆಸರಿಗೇ ಮಾಡಿಸಿಕೊಂಡುಬಿಟ್ಟರೆ, ಗಿರಾಕಿ ಬೇರೆ ಅಂಗಡಿಯ ಮೆಟ್ಟಿಲು ಹತ್ತಲಾರ. ನನಗೆ ಧರ್ಮಕೋಪ ಬಂತು. "ನೋಡಿ ಮೇಡಂ, ಇಂಥೋರಿಂದಾನೇ ಈ ಲೈನ್ ಹಾಳಾಗಿರೋದು! ಯಾವನೋ ಕಳ್ಳ. ಅವನ ಹೆಸರೇನಮ್ಮ, ಹೇಳಿಬಿಡು, ನೋಡ್ಕೋತೀನಿ" ಎಂದೆ. ಹುಡುಗಿ ಹೆಸರು ಓದಿದಳು. ನಾನು ಕೂಡಲೇ ಸ್ಪೀಕರ್ ಆರಿಸಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು: "ಇದು ನಿಮ್ಮ ಅಂಗಡಿ ಹಳೇ ಬೋರ್ಡಲ್ಲಿ ಇದ್ದ ಹೆಸರಲ್ವೇನ್ರೀ?"

ಹೌದು. ಮೇಲೆ ‘ನನ್ನ ಅಂಗಡಿ’ ಎಂದು ಬರೆದೆನಲ್ಲ, ಅದನ್ನು ಸ್ವಲ್ಪ ತಿದ್ದಿಕೊಳ್ಳಿ. ಆಗ ನಂಜುಂಡ ಎಂಬ ಪಾಲುದಾರ ಇದ್ದ. ಕಾಲೇಜಿನಿಂದ ಸ್ನೇಹಿತ. ಮಾತು ನನ್ನದು, ಪೆಟ್ಟಿಗೆಯೊಳಗಿನ ಕೆಲಸ ಅವನದು. ಆರು ವರ್ಷದ ಹಿಂದೆ, ಸಿ.ಸಿ. ಟಿ.ವಿ.ಗೆ ಭವಿಷ್ಯ ಇದೆ ಎಂದು ಹೇಳಿ ಬಿಟ್ಟುಹೋದ. ಆಮೇಲೆ ಮಾತಿಲ್ಲ. ಕತೆಯಲ್ಲಿ ಅವನ ವಿಷಯ ಹೇಳಲಿಲ್ಲ, ಅಷ್ಟೆ. ಮರೆಮಾಚಿದ್ದಲ್ಲ.

ಹಿಂದೆ ನಾವೇ ಹಾಕಿಕೊಟ್ಟ ಪೆಟ್ಟಿಗೆಯನ್ನೇ ಗುರುತು ಸಿಗದೆ ಕೊಂಡಿದ್ದೆ ಎಂದು ಗೊತ್ತಾದ ಮೇಲೆ ನನಗೆ ಒಳಗೊಳಗೇ ಖುಷಿಯಾಯಿತು. ಏಕೆಂದರೆ ನಾವು ಹಾಕಿಕೊಟ್ಟ ಎಲ್ಲ ಪೆಟ್ಟಿಗೆಗೂ ಅಂಗಡಿ ಶುರುವಾದ ದಿನಾಂಕವೇ ಪಾಸ್‌ವರ್ಡ್ ಎಂದು ನಂಜುಂಡ ಹೇಳಿದ್ದ. ಹಳೆಯ ಪಂಚಾಂಗ ತೆಗೆದು ಆ ವರ್ಷದ ಅಕ್ಷಯ ತದಿಗೆ ಯಾವತ್ತೆಂದು ನೋಡಿ, ಒತ್ತಿದೆ. ಪೆಟ್ಟಿಗೆ ಒಪ್ಪಲಿಲ್ಲ. ತಿಂಗಳು ಮೊದಲು ಹಾಕಿ ಒತ್ತಿದೆ. ವರ್ಷ ಮೊದಲು ಹಾಕಿ ಒತ್ತಿದೆ. ಹೀಗೇ ಹಿಂದುಮುಂದು ಮಾಡಿ ಐದು ಸಲ ಮುಗಿದು ಕೆಂಪು ದೀಪ ಹತ್ತಿತು. ನನ್ನ ನೆನಪು ತಪ್ಪಾಗಿರಲಿಕ್ಕಿಲ್ಲ. ಹಾಗಾದರೆ ಉಳಿದದ್ದು ಒಂದೇ: ಹೋಗುವಾಗ ನಂಜುಂಡ ಹೊಟ್ಟೆಕಿಚ್ಚಿಗೆ ಪಾಸ್‌ವರ್ಡ್ ಬದಲಾಯಿಸಿದ್ದಾನೆ. ಈಗ ಉಳಿದ ದಾರಿ ಆ ಪತ್ರ. ಅದಕ್ಕೆ ಇಬ್ಬರು ಪಾಲುದಾರರದೂ ಸಹಿ ಬೇಕು.

ಶನಿವಾರ ಬೆಳಗ್ಗೆ ವಿಲ್ಸನ್ ಗಾರ್ಡನ್ನಿನಲ್ಲಿ ಅವನ ಅಂಗಡಿಯ ಮುಂದೆ ನಿಂತೆ. ಒಳಗೆ ಹೋಗಲೋ ಬೇಡವೋ ಎಂದು ಯೋಚಿಸುವಷ್ಟು ಸಮಯವೂ ಸಿಗಲಿಲ್ಲ. ಸಿ.ಸಿ. ಟಿ.ವಿ. ಮಾರುವವನ ಅಂಗಡಿ, ನಾನು ಕೂದಲು ಸರಿಮಾಡಿಕೊಳ್ಳುತ್ತಿದ್ದದ್ದು ನಾಲ್ಕು ಕಡೆಯಿಂದ ಅವನ ಪರದೆಯಲ್ಲಿ ಕಾಣುತ್ತಿತ್ತು.

"ಏನೋ ಸೀನ, ಹಿಂದುಗಡೆ ಪೂರ್ತಿ ಬೋಳಾಗಿದೆಯಲ್ಲೋ. ಕ್ಯಾಮೆರಾ ಮೂರರಲ್ಲಿ ಸಖತ್ತಾಗಿ ಕಾಣುತ್ತೆ" ಎನ್ನುತ್ತಾ ಹೊರಗೆ ಬಂದ. ಆರು ವರ್ಷದ ಮೌನ ಹೀಗೆ ಮುರಿಯಬೇಕೆಂದು ನಾನು ಅಂದುಕೊಂಡಿರಲಿಲ್ಲ. ಎದುರಿನ ದರ್ಶಿನಿಗೆ ಹೋದೆವು. ಅವನು ಕೇಳದೆಯೇ ಬೈ-ಟು ಕಾಫಿ ಹೇಳಿದ. ಒಂದೊಂದು ಪೂರ್ತಿ ಕಾಫಿ ಕುಡಿಯುವ ಶಕ್ತಿ ಇಬ್ಬರಿಗೂ ಇದೆ. ಆದರೆ ಕೈ ಅಭ್ಯಾಸ.

ನಾನು ಗಂಭೀರವಾಗಿ ಪತ್ರ ತೆಗೆದು ಮೇಜಿನ ಮೇಲಿಟ್ಟು, ಪಾಸ್‌ವರ್ಡ್ ಬದಲಾಯಿಸಿದ್ದು ಸಣ್ಣತನವಾಯಿತು ಎಂದೆ.

"ನಾನ್ಯಾಕೋ ಬದಲಾಯಿಸ್ಲಿ? ಅಂಗಡಿ ಶುರುವಾದ ದಿನ ಹಾಕಿ ನೋಡ್ದಾ?"

"ಹಾಕ್ದೆ. ಅಕ್ಷಯ ತದಿಗೆ."

ನಂಜುಂಡ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ. "ಲೋ, ಅಕ್ಷಯ ತದಿಗೆ ದಿನ ಶಟರ್ ಎಲ್ಲೋ ತೆಗೆದ್ವಿ? ಕೀ ಕಳ್ಕೊಂಡು ಬಂದಿದ್ದಲ್ಲೋ ನೀನು! ಪುರೋಹಿತರು ಜೆ.ಪಿ. ನಗರದಲ್ಲಿ ಗೃಹಪ್ರವೇಶ ಇದೆ ಅಂತ ಮುಚ್ಚಿದ ಶಟರಿಗೇ ಕುಂಕುಮ ಹಚ್ಚಿ ಹೋದ್ರು. ಕೀ ರಿಪೇರಿಯವನು ಸಿಕ್ಕಿದ್ದು ಮೂರನೇ ದಿನ. ಶಟರ್ ಎತ್ತಿದ್ದು ನಾನು. ಕಾಯಿ ಒಡೆದಿದ್ದೂ ನಾನೇ. ನೀನು ನಾಚಿಕೆಯಿಂದ ಪಂಕ್ಚರ್ ಅಂಗಡಿ ಮುಂದೆ ನಿಂತಿದ್ದೆ."

"ಹಾರಿ ಬಂದ ಕಾಯಿ ಚೂರು?"

"ಅದನ್ನ ಎತ್ಕೊಂಡು ಊದಿ ತಿಂದಿದ್ದು ನೀನೇ ಗುರು." ಅವನು ನಗಲಿಲ್ಲ. "ಈ ನನ್ಮಗ ಏನೇ ಮರೆತ್ರೂ ಆ ದಿನ ಮಾತ್ರ ಮರೆಯಲ್ಲ ಅಂತ ಅದನ್ನೇ ಪಾಸ್‌ವರ್ಡ್ ಇಟ್ಟೆ."

ನಾನು ಪತ್ರ ಮಡಿಸಿ ಜೇಬಿಗಿಟ್ಟುಕೊಂಡೆ. ಭವಿಷ್ಯ ಇದೆ ಎಂದು ಬಿಟ್ಟುಹೋದೆಯಲ್ಲ, ಸಿ.ಸಿ. ಟಿ.ವಿ. ಹೇಗಿದೆ ಎಂದೆ.

"ಭವಿಷ್ಯಕ್ಕಲ್ಲ ಕಣೋ ನಾನು ಬಿಟ್ಟಿದ್ದು. ಬಂದವರಿಗೆಲ್ಲ ನೀನು ಆ ಕತೆ ಹೇಳ್ತಿದ್ದೆ. ನಾನು ಪಕ್ಕದಲ್ಲೇ ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತಿರ್ತಿದ್ದೆ. ಕತೇಲಿ ಮಾತ್ರ ಇರ್ತಿರ್ಲಿಲ್ಲ. ಪಂಕ್ಚರ್ ಅಂಗಡಿಯವನೂ ಇದ್ದ, ನಾನಿಲ್ಲ."

ನಂಜುಂಡನ ನೆನಪೂ ಇಸ್ತ್ರಿ ಮಾಡಿದ್ದೇ ಇರಬಹುದು ಎಂಬ ಆಸೆಯೊಂದು ನನ್ನಲ್ಲಿ ಉಳಿದಿತ್ತು. ಅವನ ಮಡಿಕೆ ಬೇರೆ ಕಡೆ, ನನ್ನದು ಬೇರೆ ಕಡೆ. ಆದರೆ ಪೆಟ್ಟಿಗೆ ಯಾರ ಪಕ್ಷವೂ ಅಲ್ಲ. ಶನಿವಾರ ರಾತ್ರಿ ಲಾಕ್ ಬಿಟ್ಟಿತು, ಭಾನುವಾರ ಇಬ್ಬರೂ ನರ್ಸಿಂಗ್ ಹೋಮಿಗೆ ಹೋದೆವು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತು ನಂಜುಂಡ ಅಕ್ಷಯ ತದಿಗೆಯ ಮೂರನೇ ದಿನವನ್ನು ಒತ್ತಿದ. ಪೆಟ್ಟಿಗೆ ಒಂದೇ ಸಲಕ್ಕೆ ಬಾಗಿಲು ತೆರೆಯಿತು. ಶಟರ್ ಎತ್ತಿದ ಸದ್ದು ನನಗೆ ಕೇಳಿಸಿತು. ಆ ಸದ್ದಿನಲ್ಲಿ ನಾನು ದೂರ ನಿಂತಿದ್ದೆ.

ನಾನು ಹೆಸರು ಓದುತ್ತಾ ಹೋದೆ, ಅವನು ಒತ್ತುತ್ತಾ ಹೋದ. ಹನ್ನೆರಡು ಅಧಿಕಾರಿಗಳೂ ಎದ್ದರು. ಮ್ಯಾನೇಜಿಂಗ್ ಡೈರೆಕ್ಟರ್ ಹೋಗಿ ಕ್ಯಾಂಟೀನ್ ಬಂತು. ಡ್ಯೂಟಿ ಡಾಕ್ಟರು ಕೂತುಕೊಂಡೇ ಉಪ್ಪಿಟ್ಟು ಹೇಳುವಂತಾಯಿತು. ಲೇಬರ್ ವಾರ್ಡಿನಿಂದ ಮೊದಲ ಫೋನ್ ಬಂದಾಗ ಡಾಕ್ಟರ್ ವಿಮಲಾ ಮಂಡಿ ನೀವಿಕೊಂಡು ನಕ್ಕರು. "ಪಾಸ್‌ವರ್ಡ್ ಎಲ್ಲಿ ಸಿಕ್ತು ಶ್ರೀನಿವಾಸ್?" ಎಂದು ಕೇಳಿದರು.

"ನೆನಪಾಯ್ತು ಮೇಡಂ" ಎಂದೆ.

ಬಾಯಿಗೆ ಅದೇ ಬಂತು. ಏನು ಮಾಡಲಿ, ಒಪ್ಪವಾದ ವಾಕ್ಯ. ಅಷ್ಟರಲ್ಲಿ ಅವರ ಮೇಜಿನ ಫೋನ್ ರಿಂಗಾಯಿತು. ಡಾಕ್ಟರು ಫೋನಿನ ಪರದೆಯ ಕಡೆ ಬಗ್ಗಿ ಓದಿದರು: "‘ನಂಜುಂಡ, ಓನರ್’. ಯಾರ್ರೀ ಇದು?"

ಮೆಟ್ಟಿಲ ಕೆಳಗಿನ ಗೂಡಿಗೂ ಅವರ ಕೋಣೆಗೂ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ ಎಂದು ನನಗೆ ಆಗ ಹೊಳೆಯಿತು. "ನಮ್ಮ ಪಾರ್ಟ್‌ನರ್ ಮೇಡಂ. ಪಾಸ್‌ವರ್ಡ್ ಅವನಿಗೇ ನೆನಪಿದ್ದಿದ್ದು. ಅಂಗಡಿ ಶಟರ್ ಎತ್ತಿದ್ದೂ ಅವನೇ" ಎಂದೆ, ಗೋಡೆಗೆ ಕೇಳುವಷ್ಟು ಗಟ್ಟಿಯಾಗಿ. ಫೋನ್ ನಿಂತಿತು.

ಹೊರಡುವಾಗ ನಂಜುಂಡ ಪಾಸ್‌ವರ್ಡ್ ಬದಲಾಯಿಸಿದ್ದೇನೆ ಎಂದ. "ಹಳೇದು ಸಾಕು. ಈಗ ಇಟ್ಟಿರೋದು ನಾನು ಅಂಗಡಿ ಬಿಟ್ಟು ಹೋದ ದಿನ. ಅದಾದ್ರೂ ನೆನಪಿದೆ ತಾನೆ?"

"ಅದನ್ನ ಮರೆಯಕ್ಕಾಗುತ್ತೇನೋ!" ಎಂದೆ.

ಆಗುವುದೇ ಇಲ್ಲ. ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ, ಶನಿವಾರ, ಸಣ್ಣಗೆ ಮಳೆ, ಅವನ ಕೈಯಲ್ಲಿ ನೀಲಿ ಛತ್ರಿ. ಡಾಕ್ಟರಿಗೆ ಪೆಟ್ಟಿಗೆಯಲ್ಲಿ ಒಂದು ಹೊಸ ಹೆಸರು ಸೇರಿಸಿಕೊಡಬೇಕಿದೆ ಎಂದು ಇವತ್ತು ಹೋಗಿ ಆ ದಿನಾಂಕ ಒತ್ತಿದೆ. ಪೆಟ್ಟಿಗೆ ಒಪ್ಪಲಿಲ್ಲ. ಹಬ್ಬದ ದಿನವನ್ನೇ ಒತ್ತಿದೆ. ಒಪ್ಪಲಿಲ್ಲ. ಇನ್ನೂ ಮೂರು ಸಲ ಬಾಕಿ ಇದೆ. ನಾಳೆ ಬೆಳಗ್ಗೆ ವಿಲ್ಸನ್ ಗಾರ್ಡನ್ನಿಗೆ ಹೋಗುವವನಿದ್ದೇನೆ, ಬೈ-ಟು ಕಾಫಿಗೆ. ಪಾಸ್‌ವರ್ಡ್ ಕೇಳುವುದಕ್ಕಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ, ಪೆಟ್ಟಿಗೆಗೆ ಮರೆತುಹೋಗಿದೆ.